ಮೀನಾಕ್ಷಮ್ಮನ ಟ್ರಿಪ್ಪು

ಜನವರಿ 18, ಭಾನುವಾರ

ಗೊಬ್ಬರದ ಅಂಗಡಿಯವನು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಪ್ರತಿ ಪುಟದ ತಲೆಯ ಮೇಲೆ ಯೂರಿಯಾ ಮೂಟೆಯ ಚಿತ್ರ. ಇಷ್ಟು ದಿನ ಖಾಲಿ ಬಿಟ್ಟಿದ್ದೆ, ಬರೆಯುವಂಥದ್ದು ಏನೂ ನಡೆದಿರಲಿಲ್ಲ. ಇವತ್ತು ನಡೆದಿದೆ. ನನ್ನ ಹೆಂಡತಿ ಮೀನಾಕ್ಷಿ ಟ್ರಿಪ್ ಹೋಗುತ್ತಾಳಂತೆ.

ಅದೂ ನನ್ನನ್ನು ಬಿಟ್ಟು. ಮಾಯಸಂದ್ರದ ಹೆಂಗಸರೆಲ್ಲ ಸೇರಿ ಬಸ್ಸು ಮಾಡಿದ್ದಾರೆ. ಮದುರೆ, ರಾಮೇಶ್ವರ, ಕನ್ಯಾಕುಮಾರಿ. ಮುಂದಾಳು ಗಿರಿಜಾಂಬಿಕಾ. ಗಂಡಸರಿಗೆ ಪ್ರವೇಶವಿಲ್ಲ ಅಂದಿದ್ದಾಳೆ. ಆಕೆಯ ಗಂಡನನ್ನು ನೋಡಿದವರಿಗೆ ಈ ನಿಯಮ ಯಾಕೆ ಬಂತೆಂದು ತಾನಾಗಿಯೇ ಗೊತ್ತಾಗುತ್ತದೆ.

ಟ್ರಿಪ್ಪು ಅಂದರೆ ಏನು ಅಂತ ಈ ಹೆಂಗಸರಿಗೆ ಗೊತ್ತೇ? ಆಯುಷ್ಯವೆಲ್ಲ ಕೊಬ್ಬರಿ ವ್ಯಾಪಾರ ಮಾಡಿದ ನನಗೆ ಗೊತ್ತು. ತೋಟದಿಂದ ಕಾಯಿ ತುಂಬಿಕೊಂಡು ಟ್ರ್ಯಾಕ್ಟರು ಮನೆಗೆ ಒಂದು ಸಲ ಬಂದರೆ ಅದು ಒಂದು ಟ್ರಿಪ್ಪು. ಗೊಬ್ಬರ ಹೊಡೆಸಿದರೆ ಟ್ರಿಪ್ಪು. ಮರಳು, ಜಲ್ಲಿ, ಟ್ಯಾಂಕರಿನ ನೀರು, ಎಲ್ಲವೂ ಟ್ರಿಪ್ಪು. ತುರುವೇಕೆರೆಯಿಂದ ಬರುವ ಕೊನೇ ಬಸ್ಸು ಕೈಕೊಟ್ಟರೆ ‘ಲಾಸ್ಟ್ ಟ್ರಿಪ್ ಇಲ್ವಂತೆ’ ಅನ್ನುತ್ತಾರೆ. ತೋಟದ ಮೋಟರು ಓಡುತ್ತ ಓಡುತ್ತ ತಟಕ್ಕನೆ ನಿಂತರೆ ಅದೂ ಟ್ರಿಪ್ಪೇ. ಇಷ್ಟೆಲ್ಲದರಲ್ಲಿ ಹೊಸ ಚಪ್ಪಲಿ ಹಾಕಿಕೊಂಡು ಕನ್ಯಾಕುಮಾರಿಗೆ ಹೋಗುವ ಅರ್ಥ ಎಲ್ಲಿಯೂ ಇಲ್ಲ.

"ಯಾತ್ರೆ ಅನ್ನು, ಕಳಿಸ್ತೀನಿ" ಅಂದೆ.

"ಯಾತ್ರೆ ಅಂದ್ರೆ ನೀವೂ ಜೊತೇಲಿ ಬತ್ತೀರ. ಅದಕ್ಕೇ ಟ್ರಿಪ್ಪು ಅಂದಿದ್ದು ಕಣ್ರೀ."

"ಅಲ್ಲೇನಿದೆ ಅಂತ? ಅಲ್ಲೂ ತೆಂಗಿನ ಮರಾನೇ ಇರೋದು."

"ಸಮುದ್ರ ಐತೆ. ಅರವತ್ತು ಹತ್ರ ಬಂತು ನಂಗೆ, ಮಾಯಸಂದ್ರದ ಕೆರೆಗಿಂತ ದೊಡ್ಡ ನೀರು ನೋಡಿಲ್ಲ. ನೋಡೇ ನೋಡ್ತೀನಿ."

ಮಗಳು ಲಿಖಿತಾ ಪಕ್ಕದಿಂದ ಏನೋ ಅಂದಳು. ತುರುವೇಕೆರೆಯ ಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳುವವಳು, ಮನೆಯಲ್ಲಿ ಮಾತ್ರ ತುಟಿ ಬಿಡುವುದಕ್ಕೂ ಸೋಮಾರಿತನ. ಈ ಮನೆಯ ಹೆಂಗಸರು ಇತ್ತೀಚೆಗೆ ಗೊಣಗುವುದನ್ನೇ ಮಾತು ಅಂದುಕೊಂಡಿದ್ದಾರೆ. ಟಿವಿಯೂ ಅವರ ಜೊತೆ ಸೇರಿಕೊಂಡಿದೆ. ಸ್ವಲ್ಪ ಜೋರು ಮಾಡಿದರೆ ಸಾಕು, ಲಿಖಿತಾ ಓಡಿಬಂದು ಕಮ್ಮಿ ಮಾಡುತ್ತಾಳೆ.

ಜನವರಿ 20, ಮಂಗಳವಾರ

ಲಿಖಿತಾ ಮಕ್ಕಳ ಪರೀಕ್ಷೆಗೆ ಪ್ರಶ್ನೆ ಬರೆಯುತ್ತ ಕೂತಿದ್ದಳು. ಜರ್ನಿ, ಟ್ರಿಪ್, ಟೂರ್, ಟ್ರಾವೆಲ್, ಇವುಗಳ ವ್ಯತ್ಯಾಸವೇನು ಅಂತ. ಮನೆ ಬಿಟ್ಟು ಹೊರಗೆ ಹೋಗುವುದಕ್ಕೆ ಇಂಗ್ಲಿಷಿನವರಿಗೆ ಇಷ್ಟೊಂದು ಪದ ಬೇಕಾಗಿದೆ! ಮನೆಯಲ್ಲಿ ಅವರಿಗೆ ಏನು ಕಷ್ಟವೋ.

ನಾನೂ ಕೈಜೋಡಿಸಿದೆ. ಯಾತ್ರೆ ದೇವರಿಗೆ, ಪ್ರವಾಸ ಮಂತ್ರಿಗಳಿಗೆ, ಟೂರು ಶಾಲೆ ಮಕ್ಕಳಿಗೆ, ಟ್ರಾವೆಲ್ಸು ಬಸ್ಸಿನ ಹಿಂದಿನ ಗಾಜಿನ ಮೇಲೆ. ಜರ್ನಿ ಅನ್ನುವುದು ಟಿವಿಯಲ್ಲಿ ಹಾಡಿ ಸೋತವರು ಅಳುತ್ತ ಹೇಳುವ ಮಾತು. ಟ್ರಿಪ್ಪು ಕಾಯಿಗೆ. ಇದನ್ನೇ ಬರೆದುಕೊಡು, ಮಕ್ಕಳು ಪಾಸಾಗಲಿ ಅಂದೆ.

ಅವಳು ನಕ್ಕು, ನನ್ನ ಮುಂದೆಯೇ ಬಂದು ಕೂತು ಹೇಳಿದಳು. "ಅಪ್ಪಾ, ಜರ್ನಿ ಅಂದ್ರೆ ಹೋಗೋದಷ್ಟೇ ಆದ್ರೂ ಆಗುತ್ತೆ. ಟ್ರಿಪ್ ಅಂದ್ರೆ ಹೋಗಿ ವಾಪಸ್ ಬರೋದೂ ಸೇರ್ಕೊಂಡಿರುತ್ತೆ."

"ಅದನ್ನು ನಿಮ್ಮಮ್ಮನಿಗೆ ಹೇಳು" ಅಂದೆ.

ಊಟವಾದ ಮೇಲೆ ಮೀನಾಕ್ಷಿ ಎದುರಿಗೆ ಬಂದು ನಿಂತು ಅಪ್ಪಣೆ ಮಾಡಿದಳು. "ನಾನು ಬರೋವರ್ಗೂ ಅಟ್ಟ ಮುಟ್ಬೇಡಿ."

ಯಾರಿಗೆ ಹೇಳುತ್ತಿದ್ದಾಳೆ! ನಮ್ಮ ಕಡೆ ಕಾಯಿ ಕಿತ್ತು ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಅಂತ ಒಡೆದು ನೋಡುವ ಹಾಗಿಲ್ಲ. ಮಟ್ಟೆ ಸುಲಿಯುವುದಕ್ಕೂ ಮೊದಲೇ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ತಿಳಿದುಕೊಳ್ಳಬೇಕು. ಆಗಿದ್ದರೆ ಉಂಡೆ ಒಳಗೆ ಲೊಟಲೊಟ ಬಡಿಯುತ್ತದೆ. ಆಗಿಲ್ಲದಿದ್ದರೆ ನೀರು ಕುಲುಕುತ್ತದೆ. ಅರೆಬರೆ ಆದದ್ದನ್ನು ಸುಲಿದರೆ ಕಥೆ ಮುಗಿಯಿತು, ಮಟ್ಟೆಯಿಲ್ಲದ ಕಾಯಿ ಬಿರುಕು ಬಿಟ್ಟು ಕೊಳೆಯುತ್ತದೆ. ‘ತೋಂಟದಾರ್ಯನ ಕಿವಿ’ ಅಂದರೆ ಹುಳಿಯಾರಿನವರೆಗೂ ಗೊತ್ತು. ನಾನು ಹೂಂ ಅಂದ ಕಾಯಿಯನ್ನು ತಿಪಟೂರಿನ ವ್ಯಾಪಾರಿಗಳು ಮರುಮಾತಾಡದೆ ಕೊಳ್ಳುತ್ತಾರೆ.

ಈಚೆಗೆ ಮೂರು ವರ್ಷದಿಂದ ಮೀನಾಕ್ಷಿಯೂ ಪಕ್ಕದಲ್ಲಿ ಬಂದು ಕೂರುತ್ತಾಳೆ. ಬೇರೆ ಕೆಲಸವಿಲ್ಲ. ಒಂದೊಂದೇ ಕಾಯಿ ಎತ್ತಿ ನನ್ನ ಕೈಗೆ ಕೊಡುತ್ತಾಳೆ. ಕೆಲವು ಸಲ "ಇನ್ನೊಂದ್ ಸಲ ನೋಡ್ರೀ" ಅನ್ನುತ್ತಾಳೆ. ನನಗೇ ಪಾಠ! ಅವಳ ಸಮಾಧಾನಕ್ಕೆ ಇನ್ನೊಂದು ಸಲ ಅಲ್ಲಾಡಿಸಿದ ಹಾಗೆ ಮಾಡಿ, ಆ ಕಾಯಿಯನ್ನು ಪಕ್ಕಕ್ಕಿಡುತ್ತೇನೆ. ಹೆಂಗಸರ ಜೊತೆ ವಾದ ಮಾಡುವುದಕ್ಕಿಂತ ಒಂದು ಕಾಯಿ ಬಿಡುವುದು ವಾಸಿ.

ಜನವರಿ 21, ಬುಧವಾರ

ಹೋದಳು. ಬಸ್ಸಿನ ಮುಂದೆ ಈಡುಗಾಯಿ ಒಡೆದರು. ಎಳೆಯ ಕಾಯಿ. ನನ್ನನ್ನು ಕೇಳಿದ್ದರೆ ಒಳ್ಳೆಯದು ಕೊಡುತ್ತಿದ್ದೆ. ಕಿಟಕಿಯಲ್ಲಿ ಕೂತು ಏನೇನೋ ಹೇಳಿದಳು. ಕೈಯೆತ್ತಿದೆ.

ಜನವರಿ 22, ಗುರುವಾರ

ಕುಕ್ಕರ್ ಕೆಟ್ಟಿದೆ. ಸೀಟಿ ಹೊಡೆಯುವುದನ್ನೇ ಬಿಟ್ಟಿದೆ. ಅನ್ನಕ್ಕಿಟ್ಟು ಹಜಾರದಲ್ಲಿ ಕೂತು ಕಾದೆ, ಕಾದೆ, ಒಂದು ಸೀಟಿಯೂ ಇಲ್ಲ. ಕೊನೆಗೆ ಪಕ್ಕದ ಮನೆಯವರೇ ಹೊಗೆ ನೋಡಿ ಓಡಿಬಂದರು. ಸಂಜೆ ಲಿಖಿತಾ ಅದೇ ಕುಕ್ಕರಿನಲ್ಲಿ ಬೇಳೆ ಬೇಯಿಸಿದಳು. ಸರಿಯಾಗೇ ಇದೆಯಂತೆ. ಹೆಂಗಸರ ಮಾತು ಮಾತ್ರ ಕೇಳುವ ಕುಕ್ಕರ್ ಇರಬೇಕು.

ಸಂಜೆ ದೊಡ್ಡರಂಗಯ್ಯ ಬಂದಿದ್ದ. ನನ್ನ ಕೊಬ್ಬರಿ ಕೊಳ್ಳುವ ತಿಪಟೂರಿನ ವ್ಯಾಪಾರಿ. ಗಂಟಲು ದೊಡ್ಡದು, ಅವನ ಮಾತು ಮಾತಿನ ಹಾಗಿರುತ್ತದೆ.

"ರೇಟು ಏರ್‌ಬುಟ್ಟೈತೆ ಕಣ್ರೀ ತೋಂಟದಾರ್ಯರೇ. ಬುಧವಾರದ ಹರಾಜಿಗೆ ಮಾಲು ಇಳ್ಸುದ್ರೆ ನಿಮ್ಮಂಥ ಅದೃಷ್ಟವಂತ್ರು ಇಲ್ಲ. ಅಟ್ಟ ಹೆಂಗೈತೆ?"

"ಮೀನಾಕ್ಷಿ ಊರಲ್ಲಿಲ್ಲ" ಅಂತ ಬಾಯಿಗೆ ಬಂತು. ನುಂಗಿಕೊಂಡೆ. ಅಟ್ಟ ಕೇಳಿದರೆ ಹೆಂಡತಿ ಯಾಕೆ ನೆನಪಾಗಬೇಕು?

"ಆಗೈತೆ, ನಾಳೇನೇ ಸುಲಿಸ್ತೀನಿ" ಅಂದೆ.

ಜನವರಿ 23, ಶುಕ್ರವಾರ

ಇಂಥ ಅಟ್ಟ ಈಚೆಗೆ ಕಂಡಿಲ್ಲ! ಕಾಯಿ ಸುಲಿಯುವ ಬೀರಲಿಂಗಯ್ಯ ಅಟ್ಟ ಹತ್ತಿ ಬಲಗಡೆಯ ರಾಶಿಯಿಂದ ಕಾಯಿ ಎಸೆದ. ನಾನು ಕೆಳಗೆ ಕೂತು ಒಂದೊಂದನ್ನೂ ಕಿವಿಗೆ ಹಿಡಿದು ನೋಡಿದೆ. ಒಂದರಲ್ಲಾದರೂ ನೀರಿನ ಸದ್ದಿದ್ದರೆ ಕೇಳಿ. ಒಂದೂ ಇಲ್ಲ. ಉಂಡೆ ಬಡಿಯುವ ಸದ್ದೂ ಅಷ್ಟಕ್ಕಷ್ಟೇ, ಈ ವರ್ಷ ಮಟ್ಟೆ ದಪ್ಪ. ಪಕ್ಕಕ್ಕಿಡುವ ಕಾಯಿಯೇ ಬರಲಿಲ್ಲ. ಮೀನಾಕ್ಷಿಯಿದ್ದಿದ್ದರೆ ಬುಟ್ಟಿಗಟ್ಟಲೆ ಪಕ್ಕಕ್ಕಿಡಿಸುತ್ತಿದ್ದಳು.

ಬೀರಲಿಂಗಯ್ಯ ಕೆಳಗಿಳಿದು ಕಬ್ಬಿಣದ ಗೂಟಕ್ಕೆ ಕುಕ್ಕಿ ಕುಕ್ಕಿ ಇಡೀ ದಿನ ಸುಲಿದ. ನಡುವೆ ಎರಡು ಸಲ ನನ್ನ ಕಡೆ ತಿರುಗಿ ಬಾಯಾಡಿಸಿದ. ಎಲೆಅಡಿಕೆ ತುಂಬಿಕೊಂಡ ಬಾಯಿ. ಕೂಲಿ ಜಾಸ್ತಿ ಕೇಳುತ್ತಿರಬೇಕೆಂದು ಗಂಭೀರವಾಗಿ ತಲೆಯಾಡಿಸಿದೆ. ಸುಮ್ಮನಾದ.

ಸುಲಿದ ಕಾಯಿ ಅಂಗಳದಲ್ಲಿ ನನ್ನೆತ್ತರಕ್ಕೆ ಬಿದ್ದಿದೆ. ನಾಳೆ ಚಿಪ್ಪು ಒಡೆಸಬೇಕು. ಮೀನಾಕ್ಷಿ ವಾಪಸ್ ಬರುವ ಹೊತ್ತಿಗೆ ಕೊಬ್ಬರಿ ತಿಪಟೂರಿನಲ್ಲಿರುತ್ತದೆ. ಟ್ರಿಪ್ಪಂತೆ ಟ್ರಿಪ್ಪು. ಅವಳದು ಒಂದು, ನಮ್ಮದು ಲೋಡುಗಟ್ಟಲೆ.

ಜನವರಿ 24, ಶನಿವಾರ

ಬರೆಯುವುದು ಬೇಡ ಅನ್ನಿಸುತ್ತಿದೆ. ಆದರೂ ಬರೆಯುತ್ತೇನೆ, ಇನ್ನು ಯಾರ ಹತ್ತಿರ ಹೇಳಲಿ.

ಬೆಳಿಗ್ಗೆ ಚಿಪ್ಪು ಒಡೆಯಲು ಅಂಕಮ್ಮ ಬಂದಳು. ಬೀರಲಿಂಗಯ್ಯನ ಹೆಂಡತಿ, ಮಾತಿನಲ್ಲಿ ಅವನಿಗಿಂತ ಹರಿತ. ಮೊದಲ ಕಾಯಿಗೆ ಮಚ್ಚಿನ ಏಟು ಹಾಕಿದಳು. ಒಳಗಿನಿಂದ ನೀರು ಚಿಮ್ಮಿ ಮುಖಕ್ಕೆ ಹೊಡೆಯಿತು.

"ಬೆಳಬೆಳಿಗ್ಗೇನೇ ನಂಗೆ ಅಭಿಷೇಕ ಮಾಡುಸ್ಬುಟ್ರಲ್ಲಾ ಯಜಮಾನ್ರೇ!" ಅಂತ ನಕ್ಕಳು. ನಾನೂ ನಕ್ಕೆ. ಎಲ್ಲೋ ಒಂದು ತಪ್ಪಿಸಿಕೊಂಡಿದೆ ಅಂದುಕೊಂಡೆ. ಎರಡನೆಯದೂ ನೀರು. ಮೂರನೆಯದೂ. ನಾನೇ ಮಚ್ಚು ಕಿತ್ತುಕೊಂಡು ರಾಶಿಯ ಮೇಲಿಂದ, ಕೆಳಗಿನಿಂದ, ನಡುವಿನಿಂದ ತೆಗೆದು ತೆಗೆದು ಒಡೆದೆ. ಅಪರೂಪಕ್ಕೊಂದು ಉಂಡೆ ಬಂತು. ಉಳಿದದ್ದೆಲ್ಲ ಅರೆಬರೆ ಒಣಗಿದ ತಿರುಳು, ಹುಳಿ ವಾಸನೆಯ ನೀರು. ಅಂಗಳವೆಲ್ಲ ಒದ್ದೆಯಾಯಿತು.

"ನೀನಾದ್ರೂ ಹೇಳ್ಬಾರ್ದೇನಯ್ಯ?" ಅಂತ ಬೀರಲಿಂಗಯ್ಯನ ಮೇಲೆ ರೇಗಿದೆ.

ಅವನು ಎಲೆಅಡಿಕೆ ಉಗಿದು, ನನ್ನೆದುರಿಗೆ ಬಂದು ನಿಂತು ಜೋರಾಗಿ ಹೇಳಿದ. "ಹೇಳುದ್ನಲ್ಲಾ ಯಜಮಾನ್ರೇ, ನಿನ್ನೆ ಎಲ್ಡ್ ಸಲ. ಕಾಯಿ ಕುಲುಕ್ತಾವೆ, ಬ್ಯಾಡ ಅಂದೆ. ನೀವು ತಲೆ ಆಡ್ಸುದ್ರಿ. ಸುಲಿ ಅಂತಿದ್ದೀರಿ ಅಂದ್ಕಂಡೆ."

ಕೈಯಲ್ಲಿದ್ದ ಮಚ್ಚನ್ನು ಕೆಳಗಿಟ್ಟೆ.

ಮಧ್ಯಾಹ್ನ ದೊಡ್ಡರಂಗಯ್ಯ ಮಾಲು ನೋಡಲು ಬಂದ. ಅಂಗಳದಲ್ಲಿ ನಿಂತು ಒಂದೇ ಒಂದು ಸುಲಿದ ಕಾಯಿ ಎತ್ತಿ ಅಲ್ಲಾಡಿಸಿ ಕೆಳಗಿಟ್ಟ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ.

"ತಪ್ಪು ನಂದೇ ಕಣ್ರೀ. ಮೂರು ವರ್ಷದಿಂದ ಅಮ್ಮಾವ್ರು ಹೂಂ ಅಂದ್ಮೇಲೇ ನಾನು ಗಾಡಿ ಕಳಿಸ್ತಿದ್ದುದು. ಈ ಸಲ ರೇಟಿನ ಆಸೇಲಿ ಅವ್ರನ್ನ ಕೇಳೋದೇ ಮರ್ತೆ. ಹೋಗ್ಲಿ ಬುಡಿ, ಬಂದಷ್ಟು ಬರ್ಲಿ, ಎಣ್ಣೆ ಮಿಲ್ಲಿಗೆ ಹಾಕುಸ್ತೀನಿ."

ಅಮ್ಮಾವ್ರು ಹೂಂ ಅಂದ ಮೇಲೆ. ಹಾಗಾದರೆ ಬಾಗಿಲಲ್ಲಿ ನಿಂತು ಅವನು ಗಾಡಿಯ ವಿಷಯ ಕೇಳುವಾಗಲೆಲ್ಲ ನನ್ನ ಹೆಗಲಿನಾಚೆ ನೋಡುತ್ತಿದ್ದುದು ಅವಳ ಮುಖವನ್ನು. ಅವಳು ಕಾಯಿ ನನ್ನ ಕೈಗೆ ಕೊಡುವ ಮೊದಲೇ ತಾನು ಅಲ್ಲಾಡಿಸಿ ನೋಡುತ್ತಿದ್ದಳು. ನೀರಿದ್ದದ್ದಕ್ಕೆ ಮಾತ್ರ ‘ಇನ್ನೊಂದ್ ಸಲ ನೋಡ್ರೀ’. ಬೈಯುವುದಕ್ಕೆ ಒಂದು ಸಣ್ಣ ನೆಪ ಸಿಕ್ಕರೂ ಬಿಡದ ಹೆಂಗಸು ಇದನ್ನು ಮೂರು ವರ್ಷ ಯಾರ ಮುಂದೆಯೂ ಎತ್ತಲಿಲ್ಲ, ನನ್ನ ಮುಂದೆಯೂ ಎತ್ತಲಿಲ್ಲ.

ಎಲ್ಲರೂ ಹೋದ ಮೇಲೆ ದೇವರ ಮನೆಗೆ ಹೋಗಿ ಗಂಟೆ ಬಾರಿಸಿದೆ. ಗಂಟೆ ಅಲ್ಲಾಡಿತು. ದೂರದಲ್ಲಿ ಯಾರೋ ಚಮಚ ಬೀಳಿಸಿದಷ್ಟು ಸದ್ದು ಬಂತು, ಅಷ್ಟೇ. ಇನ್ನೂ ಜೋರಾಗಿ ಬಾರಿಸಿದೆ. ಶಿವನಿಗೆ ಕೇಳಿಸಿತೋ ಏನೋ, ನನಗೆ ಕೇಳಿಸಿದ್ದು ಅಷ್ಟೇ. ನನಗೆ ತುಂಬ ಭಯವಾಯಿತು.

ಜನವರಿ 25, ಭಾನುವಾರ

ಲಿಖಿತಾಳ ಎದುರಿಗೆ ಕೂತು, ಅವಳ ತುಟಿ ನೋಡುತ್ತ ಮಾತಾಡಿದೆ. ಎಲ್ಲ ಅರ್ಥವಾಯಿತು. ಪಾಪ, ಅವಳು ಗೊಣಗುತ್ತಿರಲಿಲ್ಲ. ಅವಳಿಗೂ ಗೊತ್ತಿತ್ತಂತೆ. "ಅಮ್ಮ ಹೇಳ್ಬೇಡ ಅಂದಿದ್ರು. ಅಪ್ಪಂಗೆ ಆ ಕಿವಿ ಬಿಟ್ರೆ ಇನ್ನೇನೂ ಇಲ್ಲ ಕಣೇ ಅಂದಿದ್ರು."

ಇನ್ನೇನೂ ಇಲ್ಲವಂತೆ. ಬರಲಿ, ವಿಚಾರಿಸಿಕೊಳ್ಳುತ್ತೇನೆ.

ಅಮ್ಮನಿಗೆ ಫೋನ್ ಮಾಡಿ ಅಟ್ಟದ ವಿಷಯ ಹೇಳುತ್ತೇನೆ ಅಂತ ಲಿಖಿತಾ ಮೊಬೈಲ್ ತೆಗೆದಳು. ಕಸಿದುಕೊಂಡೆ. ಅವರ ಬಸ್ಸು ಇನ್ನೂ ರಾಮೇಶ್ವರಕ್ಕೂ ಮುಟ್ಟಿಲ್ಲ, ದಾರಿಯಲ್ಲೆಲ್ಲೋ ಕೆಟ್ಟು ನಿಂತು ಒಂದು ದಿನ ತಡವಾಗಿದೆ. ಅಟ್ಟದ ಕಾಯಿ ಹಾಳಾಯಿತು ಅಂತ ಗೊತ್ತಾದರೆ ಮೀನಾಕ್ಷಿ ಅಲ್ಲೇ ಇಳಿದು, ಸಿಕ್ಕ ಬಸ್ಸು ಹತ್ತಿ ಮನೆಗೆ ಬಂದುಬಿಡುತ್ತಾಳೆ. ಅವಳ ಜಾತಕವೇ ಅಂಥದ್ದು. ಆಮೇಲೆ ಇನ್ನು ಯಾವ ಜನ್ಮಕ್ಕೆ ಸಮುದ್ರ?

"ಸಮುದ್ರ ನೋಡೋವರ್ಗೂ ಒಂದು ಮಾತೂ ಆಡ್ಬೇಡ. ಗಿರಿಜಾಂಬಿಕಾಗೂ ಹೇಳ್ಬೇಡ" ಅಂದೆ.

ಇದು ಪ್ರೀತಿ ಗೀತಿ ಏನಲ್ಲ. ಬೈಗುಳವನ್ನು ಒಂದೆರಡು ದಿನ ಮುಂದಕ್ಕೆ ಹಾಕಿದೆ, ಅಷ್ಟೇ. ಅವಳ ಹೊಸ ಚಪ್ಪಲಿ ಕಚ್ಚುತ್ತಿದೆಯಂತೆ. ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಲು ಹೇಳು ಅಂತ ಲಿಖಿತಾಗೆ ಹೇಳಿದೆ. ಟ್ರಿಪ್ ಅಂದರೆ ವಾಪಸ್ ಬರುವುದೂ ಸೇರಿಕೊಂಡಿದೆ ಅಂದಿದ್ದಳಲ್ಲ ಇವಳು, ಇಂಗ್ಲಿಷಿನವರು ಒಂದಾದರೂ ಒಳ್ಳೆಯ ಕೆಲಸ ಮಾಡಿದ್ದಾರೆ.

ಇವತ್ತು ಅನ್ನ ಸೀಯಲಿಲ್ಲ. ಕುಕ್ಕರ್ ಎದುರಿಗೇ ಸ್ಟೂಲ್ ಹಾಕಿಕೊಂಡು ಕೂತು ಅದರ ಟೋಪಿ ಎಗರುವುದನ್ನು ನೋಡಿಕೊಂಡೆ.

ಜನವರಿ 27, ಮಂಗಳವಾರ

ಸಂಜೆ ಕನ್ಯಾಕುಮಾರಿಯಿಂದ ವಿಡಿಯೋ ಕಾಲ್ ಬಂತು. ಲಿಖಿತಾ ಮೊಬೈಲನ್ನು ನನ್ನ ಮುಂದೆ ಹಿಡಿದಳು. ಮೀನಾಕ್ಷಿಯ ತಲೆಗೂದಲೆಲ್ಲ ಹಾರುತ್ತಿತ್ತು. ಸೀರೆ ಮೊಣಕಾಲಿನವರೆಗೆ ಒದ್ದೆ. ಮದುವೆಯ ದಿನ ಕೂಡ ಅವಳ ಮುಖ ಹಾಗಿರಲಿಲ್ಲ. ಆ ದಿನ ಎದುರಿಗೆ ನಾನಿದ್ದೆ, ಅದೂ ಒಂದು ಕಾರಣವಿರಬಹುದು.

ಫೋನನ್ನು ಸಮುದ್ರದ ಕಡೆ ತಿರುಗಿಸಿದಳು. ನಾನೂ ಮೊದಲ ಸಲ ನೋಡಿದ್ದು. ದೊಡ್ಡದಾಗಿಯೇ ಇದೆ. ನೀರು ಎದ್ದು ಬಂದು ಬಿದ್ದು ಹಿಂದೆ ಹೋಗುತ್ತಿತ್ತು, ಒಂದಿಷ್ಟೂ ಸದ್ದಿಲ್ಲದೆ.

ಲಿಖಿತಾ ನನ್ನ ಕಿವಿಗೆ ಬಾಯಿಟ್ಟು ಹೇಳಿದಳು. "ಅಲೆ ಸದ್ದು ಕೇಳ್ತಿದೆಯಾ ಅಂತಿದಾರೆ ಅಮ್ಮ."

‘ಹೂಂ, ಜೋರಾಗಿದೆ’ ಅನ್ನುವುದು ಎಷ್ಟು ಸುಲಭವಾಗಿತ್ತು. ಬಾಯಿಯವರೆಗೆ ಬಂದೂ ಇತ್ತು.

"ಇಲ್ಲ ಕಣೇ" ಅಂದೆ. "ಕೇಳುಸ್ತಿಲ್ಲ. ಕಿವಿ ಹೋಗೈತೆ ನಂಗೆ."

ಮೀನಾಕ್ಷಿ ಬೆಚ್ಚಲಿಲ್ಲ. ಫೋನನ್ನು ಗಿರಿಜಾಂಬಿಕಾಳ ಕೈಗೆ ಕೊಟ್ಟು, ನೀರಿನ ಮುಂದೆ ಹೋಗಿ ನಿಂತು, ಬಲಗೈ ಚಾಚಿದಳು. ಅಂಗೈಯನ್ನು ಮೆಲ್ಲಗೆ ಮುಂದಕ್ಕೆ ತಂದಳು, ಎತ್ತಿದಳು, ಬೀಳಿಸಿದಳು, ಹಿಂದಕ್ಕೆಳೆದುಕೊಂಡಳು. ಅವಳ ಹಿಂದೆ ಅಲೆಯೂ ಅದನ್ನೇ ಮಾಡುತ್ತಿತ್ತು. ಮತ್ತೆ ತಂದಳು, ಎತ್ತಿದಳು, ಬೀಳಿಸಿದಳು. ಸುತ್ತ ನಿಂತವರು ನಗುತ್ತಿದ್ದರು, ಅವಳು ನಿಲ್ಲಿಸಲಿಲ್ಲ.

ನಾನೂ ಕೈಯೆತ್ತಿ ಹಾಗೇ ಮಾಡಿದೆ. ಲಿಖಿತಾ ಯಾಕೋ ಮುಖ ಆಚೆ ತಿರುಗಿಸಿಕೊಂಡಳು. ಮೊಬೈಲ್ ಅಲ್ಲಾಡಿ ಸಮುದ್ರವೇ ಓರೆಯಾಯಿತು. ಸರಿಯಾಗಿ ಹಿಡಿದುಕೋ ಅಂತ ಬೈದೆ.

ಜನವರಿ 30, ಶುಕ್ರವಾರ

ನಿನ್ನೆ ಬೆಳಿಗ್ಗೆ ಬಂದಿಳಿದಳು. ಬಿಸಿಲಿಗೆ ಕಪ್ಪಾಗಿದ್ದಾಳೆ, ಚಪ್ಪಲಿ ಕೈಯಲ್ಲಿತ್ತು. ಅಂಗಳದ ಮೂಲೆಯಲ್ಲಿ ಮಿಲ್ಲಿಗೆ ಹೋಗದೆ ಮಿಕ್ಕಿದ್ದ ಸುಲಿದ ಕಾಯಿ ನೋಡಿದಳು. ನಾನು ಸಿದ್ಧನಾಗಿ ನಿಂತಿದ್ದೆ.

"ಎಡಗಡೆ ರಾಶಿ ಮುಟ್ಟಿಲ್ಲ ತಾನೇ?" ಅಂದಳು.

"ಇಲ್ಲ."

"ಸದ್ಯ" ಅಂತ ಒಳಗೆ ಹೋಗಿ ಕಾಫಿಗಿಟ್ಟಳು. ಮುಗಿಯಿತು. ಕಷ್ಟಪಟ್ಟು ಎರಡು ದಿನ ಮುಂದೂಡಿದ ಬೈಗುಳ ಬರಲೇ ಇಲ್ಲ.

ಗಿರಿಜಾಂಬಿಕಾ ಮುಂದಿನ ಟ್ರಿಪ್ಪಿಗೆ ಗಂಡಸರನ್ನೂ ಸೇರಿಸಿಕೊಳ್ಳುತ್ತಾಳಂತೆ. ನಾನು ಬರುವುದಿಲ್ಲ ಅಂದೆ. ಆಮೇಲೆ, ಕಿಟಕಿ ಪಕ್ಕದ ಸೀಟಾದರೆ ನೋಡೋಣ ಅಂದೆ. ನಾಳೆ ತಿಪಟೂರಿಗೆ ಕಿವಿ ಡಾಕ್ಟರ ಹತ್ತಿರ. ಕಿವಿಗೆ ಮೆಷಿನ್ ಹಾಕಿದರೆ ಸ್ವಲ್ಪ ಕೇಳಬಹುದು ಅಂತಾಳೆ ಲಿಖಿತಾ. ಇವರ ಮಾತೆಲ್ಲ ಮತ್ತೆ ಕೇಳಿಸಿಕೊಳ್ಳಬೇಕಲ್ಲ ಅಂತ ಒಂದೇ ಚಿಂತೆ.

ಇವತ್ತು ಮಧ್ಯಾಹ್ನ ಬೀರಲಿಂಗಯ್ಯ ಎಡಗಡೆಯ ರಾಶಿಯಿಂದ ಕಾಯಿ ಇಳಿಸಿದ. ನಾವಿಬ್ಬರೂ ಎಂದಿನ ಹಾಗೆ ಕೆಳಗೆ ಕೂತೆವು. ಮೀನಾಕ್ಷಿ ಒಂದು ಕಾಯಿ ಎತ್ತಿ ನನ್ನ ಕೈಗೆ ಕೊಟ್ಟಳು.

"ಇನ್ನೊಂದ್ ಸಲ..." ಅಂತ ಅವಳ ತುಟಿ ಅಲ್ಲಾಡಿತು.

ಕಾಯಿಯನ್ನು ಅವಳಿಗೇ ವಾಪಸ್ ಕೊಟ್ಟೆ. ಬೀರಲಿಂಗಯ್ಯ ಅಟ್ಟದ ಮೇಲಿಂದ ನೋಡುತ್ತಿದ್ದ, ಅಂಕಮ್ಮ ಬಾಗಿಲಲ್ಲಿ ನಿಂತಿದ್ದಳು. ನೋಡಲಿ ಅಂದುಕೊಂಡೆ.

"ನೀನೇ ಹೇಳು" ಅಂದೆ.

ಅವಳು ಅದನ್ನು ತನ್ನ ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಅಲ್ಲಾಡಿಸಿದಳು. ಆಮೇಲೆ ಬಲಗೈ ಚಾಚಿ, ಅಂಗೈಯನ್ನು ಮೆಲ್ಲಗೆ ಮುಂದಕ್ಕೆ ತಂದು, ಎತ್ತಿ, ಬೀಳಿಸಿ, ಹಿಂದಕ್ಕೆಳೆದುಕೊಂಡಳು.

ನೀರಿದೆ. ಕಾಯಿಯನ್ನು ಮತ್ತೆ ಅಟ್ಟಕ್ಕೆ ಎಸೆದೆ.